ತಕ್ಕಡಿ ಪಕ್ಕದ ಪುಟ್ಟ ಯಂತ್ರಕ್ಕೆ ಪ್ರೋಗ್ರಾಮು: ನೇಟಿವ್ ಎಒಟಿಗೆ ಹೊಂದುವ ಲೈಬ್ರರಿ ಆರಿಸುವ ಬಗೆ

ಎಸ್ಟೇಟುಗಳಿಗೆ ನಾನು ಬರೆದುಕೊಡುವ ಪ್ರೋಗ್ರಾಮುಗಳಲ್ಲಿ ಬಟನ್ನೂ ಇಲ್ಲ, ಬಣ್ಣವೂ ಇಲ್ಲ. ಕಪ್ಪು ಪರದೆ, ನಾಲ್ಕು ಸಾಲು, ಒಂದು ಎಂಟರ್ ಕೀ. ಕುಯ್ದ ಹಣ್ಣಿನ ಚೀಲ ತಕ್ಕಡಿ ಮೇಲೆ ಕೂತ ಕೂಡಲೇ ತೂಕ ಓದಿಕೊಳ್ಳಬೇಕು, ಕುಯ್ದವರ ಹೆಸರಿಗೆ ಬರೆಯಬೇಕು, ಕೈಗೊಂದು ಚೀಟಿ ಕೊಡಬೇಕು, ಸಂಜೆ ಚೆಕ್‌ರೋಲಿಗೆ (ಹಾಜರಿ-ಕೂಲಿಯ ಪಟ್ಟಿಗೆ) ಹೊಂದುವ ಲೆಕ್ಕವನ್ನು ತೋಟದ ಲೆಕ್ಕ ಬರೆಯುವ ರೈಟರಿಗೆ ಒಪ್ಪಿಸಬೇಕು. ಕೊಡಗಿನ ಶ್ರೀಮಂಗಲ, ಬಿರುನಾಣಿ ಕಡೆಯ ರೊಬಸ್ಟಾ ಕಾಫಿ ತೋಟಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಇದೇ ಕೆಲಸ. ತಕ್ಕಡಿ ಪಕ್ಕ ತಗಡಿನ ಡಬ್ಬಿಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂತಿರುತ್ತದೆ. ನೆಟ್‌ವರ್ಕ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕರೆಂಟಿನ ಕತೆಯೂ ಅಷ್ಟೇ.

ನಾನು ಬರೆಯುವುದು ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ. ಇಂಥ ಕಡೆ ಅದರ ಪ್ರೋಗ್ರಾಮುಗಳನ್ನು ಓಡಿಸುವ ರನ್‌ಟೈಮ್ ಇನ್‌ಸ್ಟಾಲ್ ಮಾಡಿ, ಅದರ ಅಪ್‌ಡೇಟ್ ನೋಡಿಕೊಂಡು ಕೂರಲು ಆಗುವುದಿಲ್ಲ. ಅದಕ್ಕೇ ನೇಟಿವ್ ಎಒಟಿ (ಅಹೆಡ್ ಆಫ್ ಟೈಮ್, ಓಡುವ ಮೊದಲೇ ಕಂಪೈಲ್ ಮಾಡುವುದು). 2022ರ ನವೆಂಬರಿನಲ್ಲಿ ಡಾಟ್‌ನೆಟ್ 7ರ ಜೊತೆ ಕನ್ಸೋಲ್ ಪ್ರೋಗ್ರಾಮುಗಳಿಗೆ ಸಿಕ್ಕ ಸೌಲಭ್ಯ ಇದು. ಸಿ ಶಾರ್ಪ್‌ನಲ್ಲಿ ಬರೆದದ್ದು ನೇರವಾಗಿ ಯಂತ್ರದ ಭಾಷೆಗೆ ಇಳಿಯುತ್ತದೆ. ಪೆನ್‌ಡ್ರೈವಿನಲ್ಲಿ ಒಯ್ದು ಓಡಿಸಿದರಾಯಿತು. ಏನೂ ಮಾಡದ ಪ್ರೋಗ್ರಾಮು ಡಾಟ್‌ನೆಟ್ 8ರಲ್ಲಿ ಎರಡು ಎಂಬಿ ಆಸುಪಾಸಿನಲ್ಲಿ ಮುಗಿಯುತ್ತದೆ, ಕರೆಂಟ್ ಬಂದ ಮೇಲೆ ತಕ್ಷಣ ಎದ್ದು ನಿಲ್ಲುತ್ತದೆ.

ತೊಡಕು ಇರುವುದು ನಮ್ಮ ಕೋಡಿನಲ್ಲಿ ಅಲ್ಲ, ನಾವು ಎಳೆದುಕೊಂಡು ಬರುವ ಲೈಬ್ರರಿಗಳಲ್ಲಿ. ಪ್ಯಾಕೇಜಿನ ಪುಟದಲ್ಲಿ ಎಲ್ಲ ಕಡೆ ಓಡುತ್ತದೆ ಎಂದು ಬರೆದಿರುತ್ತದೆ. ರನ್‌ಟೈಮ್ ಇರುವ ಕಡೆಯೆಲ್ಲ ಓಡುತ್ತದೆ ಎಂದು ಅದನ್ನು ಓದಿಕೊಳ್ಳಿ. ರನ್‌ಟೈಮನ್ನೇ ತೆಗೆದ ಮೇಲೆ ಆ ಮಾತು ನಿಲ್ಲುವುದಿಲ್ಲ.

ಮೊದಲು ಯಂತ್ರ ನೋಡಿ

ಲೈಬ್ರರಿ ಹುಡುಕುವ ಮೊದಲು, ಪ್ರೋಗ್ರಾಮು ಕೊನೆಗೆ ಓಡಬೇಕಾದ ಯಂತ್ರದ ಮುಂದೆ ಐದು ನಿಮಿಷ ಕೂರಿ. ಪ್ರೊಸೆಸರ್ ಯಾವುದು, ಓಎಸ್ ಎಷ್ಟು ಬಿಟ್ಟಿನದು, ಜಿಲಿಬ್‌ಸಿ (ಲಿನಕ್ಸಿನ ಪ್ರೋಗ್ರಾಮುಗಳು ನೆಚ್ಚುವ ಮೂಲ ಲೈಬ್ರರಿ) ಯಾವ ಆವೃತ್ತಿ, ಈ ಮೂರನ್ನು ಬರೆದುಕೊಳ್ಳಿ.

ಪ್ರೊಸೆಸರ್ ತಿಳಿಯಲು ಎಲ್ಲರೂ ‘ಯುನೇಮ್ -ಎಂ’ ಕೊಡುತ್ತಾರೆ. ರಾಸ್ಪ್‌ಬೆರಿ ಪೈಯಲ್ಲಿ ಅಷ್ಟಕ್ಕೇ ನಿಲ್ಲಬೇಡಿ. ಪೈ 4ರಲ್ಲಿ 32 ಬಿಟ್ಟಿನ ಓಎಸ್ ಹಾಕಿದ್ದರೂ ಕರ್ನಲ್ ಮಾತ್ರ 64 ಬಿಟ್ಟಿನದಾಗಿರಬಹುದು. ಆಗ ಯುನೇಮ್ ‘ಎಆರ್ಚ್64’ ಎನ್ನುತ್ತದೆ, ನೀವು 64 ಬಿಟ್ಟಿನ ಆರ್ಮ್‌ಗೆ, ಅಂದರೆ ಆರ್ಮ್64ಕ್ಕೆ, ಕಟ್ಟಿ (ಬಿಲ್ಡ್ ಮಾಡಿ) ಒಯ್ಯುತ್ತೀರಿ, ಕಣ್ಣೆದುರೇ ಇರುವ ಫೈಲನ್ನು ಶೆಲ್ಲು ‘ಅಂಥ ಫೈಲೇ ಇಲ್ಲ’ ಎನ್ನುತ್ತದೆ. ಇಲ್ಲದಿರುವುದು ಫೈಲಲ್ಲ, ಅದನ್ನು ಹತ್ತಿಸಬೇಕಾದ 64 ಬಿಟ್ಟಿನ ಲೋಡರ್. ‘ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್’ ಕೊಟ್ಟು ನೋಡಿ. ‘ಆರ್ಮ್‌ಎಚ್‌ಎಫ್’ ಎಂದು ಬಂದರೆ 32 ಬಿಟ್, ‘ಆರ್ಮ್64’ ಎಂದು ಬಂದರೆ 64. ಡಾಟ್‌ನೆಟ್ 8ರ ನೇಟಿವ್ ಎಒಟಿಗೆ ಲಿನಕ್ಸ್‌ನಲ್ಲಿ 64 ಬಿಟ್ಟಿನ ಯಂತ್ರಗಳು ಮಾತ್ರ ಆಗುತ್ತವೆ. 32 ಬಿಟ್ ಆರ್ಮ್ ಬಂದದ್ದು 9ರಲ್ಲಿ. ನನ್ನ ಮಟ್ಟಿಗೆ ಎಸ್‌ಡಿ ಕಾರ್ಡು ಅಳಿಸಿ 64 ಬಿಟ್ಟಿನ ಓಎಸ್ ಹಾಕುವುದೇ ಕಡಿಮೆ ತಲೆನೋವು.

ಜಿಲಿಬ್‌ಸಿ ಆವೃತ್ತಿಗೆ ‘ಎಲ್‌ಡಿಡಿ --ವರ್ಶನ್’. ಡೆಬಿಯನ್ 11ರಲ್ಲಿ 2.31, ಉಬುಂಟು 22.04ರಲ್ಲಿ 2.35, ಡೆಬಿಯನ್ 12ರಲ್ಲಿ 2.36, ಉಬುಂಟು 24.04ರಲ್ಲಿ 2.39. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವ ಖಾತರಿ ಇಲ್ಲ. ಉಬುಂಟು 22.04ರಲ್ಲಿ ಕಟ್ಟಿ ಡೆಬಿಯನ್ 11ಕ್ಕೆ ಒಯ್ದರೆ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂಬ ಸಾಲು ಬರುತ್ತದೆ. 2.35ರ ಯಂತ್ರದಲ್ಲಿ ಕಟ್ಟಿದ್ದಕ್ಕೆ 2.34 ಯಾಕೆ ಬೇಕು? 2021ರಲ್ಲಿ ಬಂದ 2.34ರಲ್ಲಿ ಥ್ರೆಡ್ಡಿನ ಲೈಬ್ರರಿಯನ್ನು ಮೂಲ ಲೈಬ್ರರಿಯೊಳಗೇ ಸೇರಿಸಿದರು, ಪ್ರೋಗ್ರಾಮು ಶುರುವಾಗುವ ಫಂಕ್ಷನ್ನಿಗೂ ಹೊಸ ಆವೃತ್ತಿಯ ಗುರುತು ಕೊಟ್ಟರು. ಹೊಸ ಓಎಸ್‌ನಲ್ಲಿ ಲಿಂಕ್ ಆದ ಪ್ರತಿ ಫೈಲಿಗೂ ಆ ಗುರುತು ಅಂಟುತ್ತದೆ, ಒಳಗೆ ನೀವು ಏನೇ ಬರೆದಿರಿ.

ಹಾಗಾಗಿ ನಿಮ್ಮ ಗಿರಾಕಿಗಳ ಯಂತ್ರಗಳಲ್ಲಿ ಅತಿ ಹಳೆಯದು ಯಾವುದೋ ಅದರ ಓಎಸ್‌ನಲ್ಲೇ ಕಟ್ಟಿ. ನಾನು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಒಳಗೆ ಡೆಬಿಯನ್ 11ರ ಕಂಟೈನರ್ ಇಟ್ಟುಕೊಂಡಿದ್ದೇನೆ. ವಿಂಡೋಸ್‌ನಿಂದ ನೇರವಾಗಿ ಲಿನಕ್ಸಿಗೆ ಎಒಟಿ ಕಟ್ಟಲು ಬರುವುದಿಲ್ಲ, ಓಎಸ್ ದಾಟಿ ಕಟ್ಟುವುದನ್ನು ಅದು ಖಡಾಖಂಡಿತವಾಗಿ ನಿರಾಕರಿಸುತ್ತದೆ. ಆದರೆ ಒಂದೇ ಓಎಸ್‌ನೊಳಗೆ ಲ್ಯಾಪ್‌ಟಾಪಿನ ಎಕ್ಸ್64 ಪ್ರೊಸೆಸರಿನಿಂದ ಆರ್ಮ್64ಕ್ಕೆ ಹೋಗಬಹುದು. ಅದಕ್ಕೆ ಕ್ಲ್ಯಾಂಗ್, ಆರ್ಮ್64ರ ಜಿಸಿಸಿ, ಆರ್ಮ್64ರ ಜಡ್‌ಲಿಬ್ ಡೆವಲಪ್‌ಮೆಂಟ್ ಪ್ಯಾಕೇಜು ಬೇಕು. ಡೆಬಿಯನ್‌ನಲ್ಲಿ ಆರ್ಮ್64 ಎಂಬ ಎರಡನೇ ಆರ್ಕಿಟೆಕ್ಚರ್ ಸೇರಿಸಿದರೆ ಎಲ್ಲವೂ ಅದೇ ಮಿರರಿನಿಂದ ಇಳಿಯುತ್ತವೆ. ಉಬುಂಟುವಿನಲ್ಲಿ ಆರ್ಮ್ ಪ್ಯಾಕೇಜುಗಳು ಬೇರೆ ಸರ್ವರಿನಲ್ಲಿರುವುದರಿಂದ ಸೋರ್ಸ್ ಪಟ್ಟಿಯನ್ನೂ ತಿದ್ದಬೇಕು. ಇದೆಲ್ಲ ಬೇಡವೆಂದರೆ ಡೆಬಿಯನ್ 11 ಹಾಕಿದ ಇನ್ನೊಂದು ಪೈಯಲ್ಲೇ ಕಟ್ಟಿ. ನಿಧಾನ, ಆದರೆ ಗೋಜಿಲ್ಲ. ಕ್ಯೂಎಮು ಹಾಕಿ ಲ್ಯಾಪ್‌ಟಾಪಿನಲ್ಲಿ ಆರ್ಮ್ ಅನುಕರಿಸುವ ದಾರಿಗೆ ಡಾಟ್‌ನೆಟ್‌ನ ಅಧಿಕೃತ ಬೆಂಬಲ ಇಲ್ಲ, ಅತ್ತ ಹೋಗಬೇಡಿ.

ಪ್ಯಾಕೇಜು ಬಿಚ್ಚಿ ನೋಡಿ

ನಮ್ಮ ಕಡೆ ಕಾಫಿ ಕೊಳ್ಳುವವರು ಚೀಲದ ಮೇಲಿನ ಬರಹ ಓದಿ ರೇಟು ಹೇಳುವುದಿಲ್ಲ, ಕೈ ಹಾಕಿ ಮಾದರಿ ತೆಗೆದು ಔಟ್‌ಟರ್ನ್ (ಎಷ್ಟು ಒಳ್ಳೆಯ ಬೀಜ ಸಿಗುತ್ತದೆ ಎಂದು) ನೋಡುತ್ತಾರೆ. ಲೈಬ್ರರಿಯನ್ನೂ ಹಾಗೇ ಕೊಳ್ಳಿ. ಡಾಟ್‌ನೆಟ್ ಲೈಬ್ರರಿಗಳು ಸಿಗುವ ನ್ಯೂಗೆಟ್‌ನ ಪ್ಯಾಕೇಜು ಅಂದರೆ ಒಂದು ಜಿಪ್ ಫೈಲು. ಹೆಸರಿನ ಬಾಲ ಬದಲಿಸಿ ತೆರೆಯಿರಿ. ಒಳಗೆ ‘ರನ್‌ಟೈಮ್ಸ್’ ಎಂಬ ಫೋಲ್ಡರ್ ಇದ್ದರೆ ಆ ಲೈಬ್ರರಿ ತನ್ನ ಜೊತೆ ಯಂತ್ರಕ್ಕೆ ತಕ್ಕ ಫೈಲುಗಳನ್ನು ಹೊತ್ತು ತರುತ್ತಿದೆ ಎಂದರ್ಥ. ಅಲ್ಲಿ ‘ವಿನ್-ಎಕ್ಸ್64’ ಮಾತ್ರ ಇದ್ದರೆ ಪೈಗೆ ಅದು ಆಗುವುದಿಲ್ಲ. ‘ಲಿನಕ್ಸ್-ಆರ್ಮ್64’ ಬೇಕು. ‘ಲಿನಕ್ಸ್-ಮಸಲ್-ಆರ್ಮ್64’ ಇರುವುದು ಜಿಲಿಬ್‌ಸಿ ಬದಲು ಮಸಲ್ ಬಳಸುವ ಆಲ್ಪೈನ್‌ನಂಥ ಲಿನಕ್ಸ್‌ಗಳಿಗೆ, ಡೆಬಿಯನ್‌ಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಲ್ಲಿ ಸಿಕ್ಕ ಎಸ್‌ಒ ಫೈಲಿನ (ಲಿನಕ್ಸಿನ ನೇಟಿವ್ ಲೈಬ್ರರಿ ಫೈಲು) ಮೇಲೆ ‘ಆಬ್ಜ್‌ಡಂಪ್ -ಟಿ’ ಓಡಿಸಿ, ಟಿ ದೊಡ್ಡಕ್ಷರದಲ್ಲಿರಲಿ. ಜಿಲಿಬ್‌ಸಿ ಎಂದು ಬರುವ ಸಾಲುಗಳಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದೋ ಆ ಲೈಬ್ರರಿಗೆ ಅಷ್ಟಾದರೂ ಬೇಕು. ನೀವು ಎಷ್ಟೇ ಹಳೆಯ ಓಎಸ್‌ನಲ್ಲಿ ಕಟ್ಟಿದರೂ ಈ ಫೈಲನ್ನು ಕಟ್ಟಿದವರು ಬೇರೆ, ಅವರು ಯಾವ ಓಎಸ್‌ನಲ್ಲಿ ಕೂತಿದ್ದರೋ ಅದು ನಿಮ್ಮ ಗಿರಾಕಿಯ ಡಬ್ಬಿಯನ್ನು ಮುಟ್ಟುತ್ತದೆ.

ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸನ್ನೇ ನೋಡಿ. ಮೈಕ್ರೋಸಾಫ್ಟ್‌ನ ಡೇಟಾ ಎಸ್‌ಕ್ಯೂಲೈಟ್ ಪ್ಯಾಕೇಜು ಎಒಟಿ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ನಾನು ಅದನ್ನೇ ಬಳಸುವುದು. ಆದರೆ ಕಟ್ಟಿದ ಫೈಲುಗಳು ಬಂದು ಬೀಳುವ ಪಬ್ಲಿಷ್ ಫೋಲ್ಡರಿನಲ್ಲಿ ನಿಮ್ಮ ಪ್ರೋಗ್ರಾಮಿನ ಪಕ್ಕ ‘ಲಿಬ್‌ಇ_ಎಸ್‌ಕ್ಯೂಲೈಟ್3’ ಎಂಬ ಎಸ್‌ಒ ಫೈಲೂ ಬಂದು ಕೂತಿರುತ್ತದೆ. ಒಂದೇ ಫೈಲು ಸಾಕೆಂದು ಪ್ರೋಗ್ರಾಮನ್ನಷ್ಟೇ ನಕಲು ಮಾಡಿದರೆ ಅದು ಏಳುತ್ತದೆ, ಹೆಸರು ಕೇಳುತ್ತದೆ, ತೂಕವನ್ನೂ ಓದುತ್ತದೆ. ಮೊದಲ ಚೀಲ ಉಳಿಸಲು ಹೋದಾಗ ಬೀಳುತ್ತದೆ. ತಕ್ಕಡಿಗೆ ಬೇಕಾದ ಸಿಸ್ಟಮ್ ಐಒ ಪೋರ್ಟ್ಸ್ ಪ್ಯಾಕೇಜಿಗೂ ಲಿನಕ್ಸ್‌ನಲ್ಲಿ ಇಂಥದೇ ಒಂದು ನೇಟಿವ್ ಭಾಗ ಇದೆ. ಅಂದಹಾಗೆ, ಸೀರಿಯಲ್ ಪೋರ್ಟು ತೆರೆಯದಿದ್ದರೆ ಲೈಬ್ರರಿಯನ್ನು ಬೈಯುವ ಮೊದಲು ಬಳಕೆದಾರರು ‘ಡಯಲ್‌ಔಟ್’ ಗುಂಪಿನಲ್ಲಿದ್ದಾರಾ ನೋಡಿ.

ಎಚ್ಚರಿಕೆಯ ಸಾಲುಗಳು

ಮತ್ತೊಂದು ಜಾತಿಯ ಲೈಬ್ರರಿಗಳಿವೆ. ಜೊತೆಗೆ ಎಸ್‌ಒ ಫೈಲು ಇಲ್ಲ, ಶುದ್ಧ ಸಿ ಶಾರ್ಪ್. ಆದರೂ ಮುರಿಯುತ್ತವೆ, ಯಾಕೆಂದರೆ ಓಡುವಾಗ ರಿಫ್ಲೆಕ್ಷನ್ ಮೂಲಕ ಕ್ಲಾಸುಗಳ ಒಳಗನ್ನು ಹುಡುಕುತ್ತವೆ, ಇಲ್ಲವೇ ಆಗಲೇ ಹೊಸ ಕೋಡು ಹುಟ್ಟಿಸುತ್ತವೆ. ಎಒಟಿಯಲ್ಲಿ ಓಡುವಾಗ ಕೋಡು ಹುಟ್ಟಿಸಲು ಜಾಗವೇ ಇಲ್ಲ. ಯಾರೂ ಕರೆಯದ ಪ್ರಾಪರ್ಟಿಗಳನ್ನು ಟ್ರಿಮ್ಮರ್ ಮೊದಲೇ ಕತ್ತರಿಸಿ ಹಾಕಿರುತ್ತದೆ.

ಡೇಟಾಬೇಸಿನ ಸಾಲುಗಳನ್ನು ಆಬ್ಜೆಕ್ಟುಗಳಿಗೆ ತುಂಬಿಸುವ ಡ್ಯಾಪರ್ ಈ ಜಾತಿಯದು. ಪ್ರತಿ ಕ್ವೆರಿಗೂ ಓಡುವಾಗ ಮೆಥಡ್ ತಯಾರಿಸುವುದೇ ಅದರ ವೇಗದ ಗುಟ್ಟು, ಎಒಟಿಯಲ್ಲಿ ಆ ಗುಟ್ಟೇ ತಪ್ಪಾಗುತ್ತದೆ. ಕಟ್ಟುವಾಗಲೇ ಕೋಡು ಬರೆದಿಡುವ ಡ್ಯಾಪರ್ ಎಒಟಿ ಎಂಬ ಪ್ಯಾಕೇಜು ಬೇರೆ ಇದೆ. ತೂಕದ ಪ್ರೋಗ್ರಾಮಿನಲ್ಲಿ ಮೂರೇ ಟೇಬಲ್ಲು, ಅದಕ್ಕಾಗಿ ನಾನು ಎರಡನ್ನೂ ಹಾಕಿಲ್ಲ. ರೀಡರಿನಿಂದ ಕಾಲಮ್ಮುಗಳನ್ನು ಕೈಯಾರೆ ಓದುವ ಇಪ್ಪತ್ತು ಸಾಲು ಯಾರಿಗೂ ಭಾರ ಅಲ್ಲ. ಕಮಾಂಡ್ ಲೈನ್ ಆಯ್ಕೆಗಳನ್ನು ಆಟ್ರಿಬ್ಯೂಟ್ ನೋಡಿ ತುಂಬಿಸುವ ಲೈಬ್ರರಿಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಎರಡು ಆಯ್ಕೆಗೆ ಒಂದು ಸ್ವಿಚ್ ಸ್ಟೇಟ್‌ಮೆಂಟ್ ಸಾಕು.

ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ಜೇಸನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಸಂಜೆಯ ಲೆಕ್ಕವನ್ನು ಆಫೀಸಿನ ಕಂಪ್ಯೂಟರಿಗೆ ಜೇಸನ್ ಫೈಲಾಗಿ ಕಳಿಸುತ್ತೇವೆ ಅಂದುಕೊಳ್ಳಿ. ನ್ಯೂಟನ್‌ಸಾಫ್ಟ್ ಎಂಬ ಜೇಸನ್ ಲೈಬ್ರರಿ ಹಾಕಿದರೆ ಪ್ರೋಗ್ರಾಮು ಕಟ್ಟಿಕೊಳ್ಳುತ್ತದೆ, ಓಡುತ್ತದೆ, ಫೈಲೂ ಬರುತ್ತದೆ. ತೆರೆದು ನೋಡಿದರೆ ಎರಡು ಬ್ರಾಕೆಟ್ಟು, ನಡುವೆ ಏನೂ ಇಲ್ಲದೆ ಇರಬಹುದು. ಹೆಸರು, ತೂಕ, ಬ್ಲಾಕ್ ನಂಬರು ಎಂಬ ಪ್ರಾಪರ್ಟಿಗಳನ್ನು ಓದುವ ಕೋಡು ಬೇರೆಲ್ಲೂ ಇಲ್ಲದಿದ್ದರೆ ಟ್ರಿಮ್ಮರ್ ಅವನ್ನು ತೆಗೆದುಬಿಟ್ಟಿರುತ್ತದೆ. ದೋಷದ ಸಂದೇಶವೂ ಇಲ್ಲ. ಬೀಳುವ ಪ್ರೋಗ್ರಾಮಿಗಿಂತ ಇದು ಕೆಟ್ಟದ್ದು.

ಅದರ ಬದಲು ಡಾಟ್‌ನೆಟ್‌ನದೇ ಆದ ಸಿಸ್ಟಮ್ ಟೆಕ್ಸ್ಟ್ ಜೇಸನ್ ಬಳಸಿ, ಅದರಲ್ಲೂ ಸೋರ್ಸ್ ಜನರೇಟರ್ ಬಳಸಿ. ಜೇಸನ್ ಸೀರಿಯಲೈಜರ್ ಕಾಂಟೆಕ್ಸ್ಟ್‌ನಿಂದ ಇಳಿದ ಒಂದು ಪಾರ್ಶಿಯಲ್ ಕ್ಲಾಸ್ ಮಾಡಿ, ನೀವು ಬರೆಯುವ ಪ್ರತಿ ಟೈಪಿಗೂ ಅದರ ಮೇಲೆ ಒಂದೊಂದು ಜೇಸನ್ ಸೀರಿಯಲೈಜಬಲ್ ಆಟ್ರಿಬ್ಯೂಟ್ ಹಾಕಿ, ಸೀರಿಯಲೈಜ್ ಕರೆಯುವಾಗ ಆ ಕಾಂಟೆಕ್ಸ್ಟ್‌ನ ಟೈಪ್ ಮಾಹಿತಿ ಕೊಡಿ. ಆಗ ಬರೆಯುವ ಕೋಡು ಕಟ್ಟುವಾಗಲೇ ತಯಾರಾಗುತ್ತದೆ, ಟ್ರಿಮ್ಮರಿಗೂ ಕಾಣುತ್ತದೆ. ಡಾಟ್‌ನೆಟ್ 8ರಿಂದ ಎಒಟಿ ಪ್ರಾಜೆಕ್ಟುಗಳಲ್ಲಿ ರಿಫ್ಲೆಕ್ಷನ್ ಜೇಸನ್ ತಾನಾಗಿ ಬಂದ್ ಆಗಿರುತ್ತದೆ. ಟೈಪ್ ಮಾಹಿತಿ ಕೊಡದೆ ಕರೆದರೆ ಎಕ್ಸೆಪ್ಶನ್ ಬಂದು ಬೀಳುತ್ತದೆ. ಬೀಳಲಿ, ಆಫೀಸಿಗೆ ಖಾಲಿ ಫೈಲು ಹೋಗುವುದಕ್ಕಿಂತ ವಾಸಿ.

ಈ ಎಲ್ಲದರ ಸುಳಿವು ಕಟ್ಟುವಾಗಲೇ ಸಿಗುತ್ತದೆ, ಓದುವ ವ್ಯವಧಾನ ಬೇಕು ಅಷ್ಟೇ. ‘ಪಬ್ಲಿಷ್‌ಎಒಟಿ’ ಎಂಬ ಸೆಟ್ಟಿಂಗನ್ನು ಕಮಾಂಡಿನಲ್ಲಿ ಕೊಡಬೇಡಿ, ಪ್ರಾಜೆಕ್ಟ್ ಫೈಲಿನಲ್ಲೇ ಬರೆಯಿರಿ. ಆಗ ಕೋಡು ಬರೆಯುತ್ತಿರುವಾಗಲೇ ಎಡಿಟರ್ ಹಳದಿ ಗೆರೆ ಎಳೆಯುತ್ತದೆ. ಐಎಲ್2026 ಅಂದರೆ ಟ್ರಿಮ್ಮರಿಗೆ ಕಾಣದ್ದನ್ನು ನೀವು ನೆಚ್ಚಿದ್ದೀರಿ. ಐಎಲ್3050 ಅಂದರೆ ಓಡುವಾಗ ಕೋಡು ಹುಟ್ಟಿಸಬೇಕಾದ ಕೆಲಸ. ಇವು ನಿಮ್ಮ ಕೋಡಿನವು. ಲೈಬ್ರರಿಯೊಳಗಿನ ತೊಂದರೆಗಳನ್ನು ಮಾತ್ರ ಐಎಲ್2104, ಐಎಲ್3053 ಎಂಬ ಒಂದೊಂದೇ ಸಾಲಿನಲ್ಲಿ ಮುಚ್ಚಿ ಹೇಳುತ್ತದೆ, ಇಂಥ ಅಸೆಂಬ್ಲಿಯಲ್ಲಿ ಎಚ್ಚರಿಕೆಗಳು ಇವೆ ಎಂದು. ‘ಟ್ರಿಮ್ಮರ್‌ಸಿಂಗಲ್‌ವಾರ್ನ್’ ಅನ್ನು ಫಾಲ್ಸ್ ಮಾಡಿ, ಆ ಒಂದು ಸಾಲಿನ ಹಿಂದೆ ಎಷ್ಟು ಅಡಗಿದ್ದವು ಎಂದು ಗೊತ್ತಾಗುತ್ತದೆ.

ಹೊಸ ಲೈಬ್ರರಿಯನ್ನು ನಾನು ನೇರವಾಗಿ ಕೆಲಸದ ಪ್ರಾಜೆಕ್ಟಿಗೆ ಹಾಕುವುದಿಲ್ಲ. ಒಂದು ಖಾಲಿ ಕನ್ಸೋಲ್ ಪ್ರಾಜೆಕ್ಟ್ ಮಾಡಿ, ಲೈಬ್ರರಿ ಸೇರಿಸಿ, ‘ಟ್ರಿಮ್ಮರ್‌ರೂಟ್‌ಅಸೆಂಬ್ಲಿ’ ಎಂದು ಅದರ ಹೆಸರು ಬರೆದು ಪಬ್ಲಿಷ್ ಮಾಡುತ್ತೇನೆ. ಹಾಗೆ ಮಾಡಿದರೆ ನೀವು ಕರೆದ ಭಾಗ ಮಾತ್ರವಲ್ಲ, ಇಡೀ ಲೈಬ್ರರಿಯ ತಪಾಸಣೆ ಆಗುತ್ತದೆ. ಎಚ್ಚರಿಕೆ ಒಂದೂ ಬರದಿದ್ದರೆ ಒಳಗೆ ಬಿಟ್ಟುಕೊಳ್ಳಬಹುದು. ಬಂದರೆ ಬೇರೆ ಲೈಬ್ರರಿ, ಇಲ್ಲವೇ ನಾನೇ ಬರೆಯುವುದು. ಎಚ್ಚರಿಕೆಯನ್ನು ಬಾಯಿಮುಚ್ಚಿಸುವ ಆಟ್ರಿಬ್ಯೂಟ್ ಕೂಡ ಇದೆ. ಲೈಬ್ರರಿ ಬರೆದವರು ಯೋಚಿಸಿ ಹಾಕುವಂಥದ್ದು ಅದು, ನಾವು ಹಾಕಿದರೆ ಕಣ್ಣು ಮುಚ್ಚಿಕೊಂಡಂತೆ.

ಎಲ್‌ಡಿಡಿಗೆ ಕಾಣದವು

ಪ್ರೋಗ್ರಾಮಿನ ಮೇಲೆ ಎಲ್‌ಡಿಡಿ ಓಡಿಸಿದರೆ ಅದಕ್ಕೆ ಬೇಕಾದ ಲೈಬ್ರರಿಗಳ ಪಟ್ಟಿ ಬರುತ್ತದೆ. ಶುರುವಾಗುವಾಗ ಬೇಕಾದವು ಮಾತ್ರ. ಓಡುತ್ತಾ ಓಡುತ್ತಾ ತೆರೆದುಕೊಳ್ಳುವವು ಅಲ್ಲಿ ಇರುವುದಿಲ್ಲ. ಮೇಲೆ ಹೇಳಿದ ಎಸ್‌ಕ್ಯೂಲೈಟ್ ಇಲ್ಲ, ಎಚ್‌ಟಿಟಿಪಿಎಸ್‌ಗೆ ಬೇಕಾದ ಓಪನ್‌ಎಸ್‌ಎಸ್‌ಎಲ್ ಇಲ್ಲ, ಭಾಷೆ-ದೇಶಗಳ ಮಾಹಿತಿ ಇಟ್ಟುಕೊಂಡ ಐಸಿಯು ಕೂಡ ಇಲ್ಲ. ‘ಎಲ್‌ಡಿ_ಡೀಬಗ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ ‘ಲಿಬ್ಸ್’ ಎಂದು ಕೊಟ್ಟು ಓಡಿಸಿದರೆ ಯಾವ ಯಾವ ಫೈಲು ಹುಡುಕುತ್ತಿದೆ ಎಂದು ಸಾಲುಸಾಲಾಗಿ ಹೇಳುತ್ತದೆ.

ಐಸಿಯು ಇಲ್ಲದ ಯಂತ್ರದಲ್ಲಿ ಪ್ರೋಗ್ರಾಮು ಶುರುವಿನಲ್ಲೇ ಸಾಯುತ್ತದೆ. ನೆಟ್‌ನಲ್ಲಿ ಹುಡುಕಿದರೆ ‘ಇನ್ವೇರಿಯಂಟ್ ಗ್ಲೋಬಲೈಸೇಶನ್’ ಆನ್ ಮಾಡಿ ಎಂಬ ಸಲಹೆ ಸಿಗುತ್ತದೆ. ಮಾಡಿದರೆ ಓಡುತ್ತದೆ, ನಿಜ. ಕನ್ನಡದಲ್ಲಿ ಚೀಟಿ ಕೊಡುವವರಿಗೆ ಅದರ ಬೆಲೆ ಬೇರೆ. ‘ಕೆಎನ್-ಐಎನ್’ (ಭಾರತದ ಕನ್ನಡ) ಕಲ್ಚರ್ ಕೇಳಿದರೆ ಎಕ್ಸೆಪ್ಶನ್. 12,34,567 ಎಂದು ಬರಬೇಕಾದ ಮೊತ್ತ 1,234,567 ಎಂದು ಬರುತ್ತದೆ. ಹೆಸರುಗಳ ಅಕಾರಾದಿ ವಿಂಗಡಣೆಯೂ ಬರಿಯ ಕೋಡ್ ನಂಬರಿನ ಮೇಲೆ ನಡೆಯುತ್ತದೆ. ಲಕ್ಷದ ಅಲ್ಪವಿರಾಮ ಮಾತ್ರ ಸಾಕಾದರೆ ಉಪಾಯ ಇದೆ: ನಂಬರ್ ಫಾರ್ಮ್ಯಾಟ್ ಇನ್ಫೋ ಒಂದನ್ನು ಕೈಯಾರೆ ಮಾಡಿ ಗುಂಪಿನ ಅಳತೆ 3, 2 ಎಂದು ಕೊಡಿ. ನಾನು ಹಾಗೇ ಮಾಡಿಕೊಂಡಿದ್ದೇನೆ. ಕನ್ನಡ ಅಂಕಿ ಬೇಕೆಂದರೆ ಐಸಿಯು ಇದ್ದರೂ ಡಾಟ್‌ನೆಟ್ ತಾನಾಗಿ ಕೊಡುವುದಿಲ್ಲ, ಒಂದೊಂದೇ ಅಂಕಿಯನ್ನು ನೀವೇ ಬದಲಿಸಬೇಕು.

ಚೀಟಿಯ ಮಾತು ಬಂದಿತಲ್ಲ. ‘ಮೇಡಮ್, ತೂಕ ಸರಿ ಉಂಟು, ಹೆಸರು ಮಾತ್ರ ಒಡೆದೊಡೆದು ಬರ್ತದೆ’ ಎಂದು ಒಬ್ಬ ರೈಟರು ಫೋನ್ ಮಾಡಿದ್ದರು, ಅವರೇ ಬರೆಸಿಕೊಂಡಿದ್ದ ಹಳೆಯದೊಂದು ಪ್ರೋಗ್ರಾಮಿನ ಬಗ್ಗೆ. ಹೋಗಿ ನೋಡಿದರೆ ‘ಲಕ್ಷ್ಮಿ’ ಎಂಬ ಹೆಸರಿನ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಸಾಲಾಗಿ ನಿಂತಿದ್ದವು. ಅಗ್ಗದ ಥರ್ಮಲ್ ಪ್ರಿಂಟರುಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ, ಹೆಸರನ್ನು ಚಿತ್ರವಾಗಿ ಬರೆದೇ ಕಳಿಸಬೇಕು. 58 ಮಿಲಿಮೀಟರ್ ಕಾಗದಕ್ಕೆ 384 ಚುಕ್ಕಿ ಅಗಲ. ಸಿಸ್ಟಮ್ ಡ್ರಾಯಿಂಗ್ ಲಿನಕ್ಸ್‌ನಲ್ಲಿ ಈಗ ಇಲ್ಲ, ಡಾಟ್‌ನೆಟ್ 7ರಿಂದ ಅದು ವಿಂಡೋಸ್‌ಗೆ ಮಾತ್ರ. ನಾನು ಹಿಡಿದದ್ದು ಚಿತ್ರ ಬರೆಯುವ ಸ್ಕಿಯಾಶಾರ್ಪ್ ಲೈಬ್ರರಿ. ಅದೊಂದೇ ಸಾಲದು, ಅಕ್ಷರಗಳನ್ನು ಕೂಡಿಸಿ ಒತ್ತು ಇಳಿಸುವ ಕೆಲಸ ಹಾರ್ಫ್‌ಬಜ್‌ನದು, ಅದರ ಪ್ಯಾಕೇಜೂ ಬೇಕು.

ಲಿನಕ್ಸ್‌ಗೆ ಸ್ಕಿಯಾದ ನೇಟಿವ್ ಪ್ಯಾಕೇಜಿನಲ್ಲಿ ಎರಡು ಬಗೆ. ಒಂದಕ್ಕೆ ಯಂತ್ರದಲ್ಲಿ ಫಾಂಟ್ ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಇರಬೇಕು, ‘ನೋ ಡಿಪೆಂಡೆನ್ಸೀಸ್’ ಎಂಬುದಕ್ಕೆ ಬೇಡ. ನಾನು ಎರಡನೆಯದನ್ನು ಹಾಕಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಪ್ರೋಗ್ರಾಮಿನೊಳಗೇ ರಿಸೋರ್ಸಾಗಿ ಸೇರಿಸುತ್ತೇನೆ. ಯಂತ್ರದಲ್ಲಿ ಕನ್ನಡ ಫಾಂಟ್ ಇದೆಯೋ ಇಲ್ಲವೋ ಎಂಬ ಚಿಂತೆಯೇ ಇಲ್ಲ.

ಒಯ್ಯುವ ಮೊದಲು

ಪ್ರೋಗ್ರಾಮಿನಲ್ಲಿ ‘ಪರೀಕ್ಷೆ’ ಎಂಬ ಒಂದು ಆಯ್ಕೆ ಇಟ್ಟುಬಿಡಿ. ಅದು ಪ್ರತಿ ಲೈಬ್ರರಿಯನ್ನೂ ಒಮ್ಮೆ ಮುಟ್ಟಬೇಕು. ತಾತ್ಕಾಲಿಕ ಡೇಟಾಬೇಸ್ ತೆರೆದು ಒಂದು ಸಾಲು ಬರೆದು ಓದಲಿ. ಒಂದು ದಾಖಲೆಯನ್ನು ಜೇಸನ್ ಮಾಡಿ ತಿರುಗಿ ಓದಿ, ಹೆಸರು ಅದೇ ಇದೆಯೇ ಎಂದು ಹೋಲಿಸಲಿ. ಸೀರಿಯಲ್ ಪೋರ್ಟುಗಳ ಪಟ್ಟಿ ತೋರಿಸಲಿ. 12,34,567 ಅಚ್ಚಾಗಲಿ. ಚೀಟಿಯ ಮೇಲೆ ‘ಲಕ್ಷ್ಮಿ’ ಎಂದು ಬರಲಿ. ಡೀಬಗ್ ಮಾಡುವಾಗ ಇದನ್ನು ಓಡಿಸಿ ಸಮಾಧಾನಪಟ್ಟುಕೊಳ್ಳಬೇಡಿ, ಆಗ ನಡೆಯುವುದು ರನ್‌ಟೈಮ್ ಮೇಲೆ. ಪಬ್ಲಿಷ್ ಆದ ಫೈಲನ್ನು, ಗಿರಾಕಿಯ ಓಎಸ್ ಇರುವ ಪೈಯಲ್ಲಿ, ನೆಟ್ ತೆಗೆದು ಓಡಿಸಿ.

ಪಬ್ಲಿಷ್ ಫೋಲ್ಡರಿನ ‘ಡಿಬಿಜಿ’ ಫೈಲು ದೊಡ್ಡದಿರುತ್ತದೆ, ತೋಟಕ್ಕೆ ಅದು ಬೇಡ. ಅಳಿಸಲೂ ಬೇಡಿ, ಮುಂದೆ ಕ್ರ್ಯಾಶ್ ಆದರೆ ಯಾವ ಫಂಕ್ಷನ್ನಿನಲ್ಲಿ ಎಂದು ತಿಳಿಯಲು ಅದೇ ಗತಿ. ವಿಂಡೋಸ್ ಮೂಲಕ ಹಾದುಬಂದ ಫೈಲಿಗೆ ಓಡುವ ಅನುಮತಿ ಹೋಗಿರುತ್ತದೆ, ಪೈಯಲ್ಲಿ ‘ಸಿಎಚ್‌ಮಾಡ್ +ಎಕ್ಸ್’ ಕೊಡಿ.

ಆಫೀಸಿನ ವಿಂಡೋಸ್ ಕಂಪ್ಯೂಟರಿಗೆ ಇದೇ ಕೋಡನ್ನು ವಿಂಡೋಸ್‌ನಲ್ಲೇ ಕಟ್ಟಬೇಕು, ವಿಷುಯಲ್ ಸ್ಟುಡಿಯೋದ ಸಿ ಪ್ಲಸ್ ಪ್ಲಸ್ ಡೆಸ್ಕ್‌ಟಾಪ್ ಭಾಗ ಇರಲಿ. ಅಲ್ಲಿನ ಹಳೆಯ ಕನ್ಸೋಲಿನಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲ, ಅದು ನಿಮ್ಮ ಲೈಬ್ರರಿಯ ತಪ್ಪಲ್ಲ. ಪರದೆಯ ಮೇಲೆ ಅಂಕಿ ತೋರಿಸಿ, ಕನ್ನಡವನ್ನು ಫೈಲಿಗೂ ಕಾಗದಕ್ಕೂ ಕಳಿಸಿ.

ಡಾಟ್‌ನೆಟ್ 8ಕ್ಕೆ ಬೆಂಬಲ ಇರುವುದು 2026ರ ನವೆಂಬರ್ ತನಕ. ಆಮೇಲಿನ ದೀರ್ಘ ಬೆಂಬಲದ ಆವೃತ್ತಿ 10, ಅದು 2025ರ ನವೆಂಬರಿನಲ್ಲಿ ಬಂದಿದೆ. ದಾಟುವ ಕೆಲಸವನ್ನು ನಾನು ಮಳೆಗಾಲಕ್ಕೆ ಇಟ್ಟುಕೊಳ್ಳುತ್ತೇನೆ, ತಕ್ಕಡಿಗೆ ಆಗ ಬಿಡುವು. ಆದರೆ ಜುಲೈಯಲ್ಲಿ ನೆಟ್ಟೂ ಬಿಡುವು ತೆಗೆದುಕೊಳ್ಳುತ್ತದಲ್ಲ, ಅದಕ್ಕೆ ಮೇ ತಿಂಗಳಲ್ಲೇ ಬೇಕಾದ ಪ್ಯಾಕೇಜುಗಳನ್ನೆಲ್ಲ ಒಂದು ಫೋಲ್ಡರಿಗೆ ಇಳಿಸಿ ಅದನ್ನೇ ನ್ಯೂಗೆಟ್ ಸೋರ್ಸ್ ಮಾಡಿಡುತ್ತೇನೆ. ಎಒಟಿಯ ಕಂಪೈಲರ್ ಕೂಡ ‘ಐಎಲ್ ಕಂಪೈಲರ್’ ಎಂಬ ಪ್ಯಾಕೇಜಾಗಿಯೇ ಇಳಿಯುತ್ತದೆ, ಎಸ್‌ಡಿಕೆ ಜೊತೆ ಬಂದಿರುವುದಿಲ್ಲ. ಅದನ್ನು ಮರೆತರೆ ಬೇರೆಲ್ಲ ಇದ್ದೂ ಪಬ್ಲಿಷ್ ಆಗುವುದಿಲ್ಲ. ಪ್ಯಾಕೇಜುಗಳ ಆವೃತ್ತಿಯನ್ನು ಬರೆದಿಡುವ ಲಾಕ್ ಫೈಲು ಆನ್ ಮಾಡಿ, ರಿಸ್ಟೋರ್ ಮಾಡುವಾಗ ‘ಲಾಕ್ಡ್ ಮೋಡ್’ ಕೊಡಿ. ಕೊಯ್ಲಿನ ನಡುವೆ ಒಂದು ಸಾಲು ತಿದ್ದಿ ಮತ್ತೆ ಕಟ್ಟುವ ಸಂದರ್ಭ ಬಂದೇ ಬರುತ್ತದೆ, ಆಗ ಆ ಸಾಲಿನ ಜೊತೆ ಹೊಸ ಆವೃತ್ತಿಯ ಲೈಬ್ರರಿಯೊಂದು ಸದ್ದಿಲ್ಲದೆ ನುಸುಳುವುದಿಲ್ಲ.